ಹಳದಿ ಬಸ್ಸಿಗೆ ಸೈಡು

ಬ್ರಿಯೆಂಟ್ಸ್
28 ಆಗಸ್ಟ್ 1997

ಅಕ್ಕಾ,

ನಿನ್ನೆ ಲೈಸೆನ್ಸ್ ಕಚೇರಿಯಿಂದ ಒಂದು ಕಾಗದ ಬಂತು. ‘ಮೂರನೆಯ ವ್ಯಕ್ತಿಯೊಬ್ಬರು ನೀಡಿದ ಮಾಹಿತಿಯ ಮೇರೆಗೆ’ ನನ್ನ ಕಣ್ಣಿನ ಪರೀಕ್ಷೆ, ದೇಹದ ಪರೀಕ್ಷೆ ಎರಡೂ ಆಗಬೇಕಂತೆ. ಸೆಪ್ಟೆಂಬರ್ 25ರೊಳಗೆ ಡಾಕ್ಟರ ಸಹಿ ಹಾಕಿಸಿ ಕಳಿಸದಿದ್ದರೆ ಲೈಸೆನ್ಸು ರದ್ದು. ಮೂವತ್ತೆಂಟು ವರ್ಷ ಈ ಕಣಿವೆಯಲ್ಲಿ ಅಂಚೆಯವರ ಹಳದಿ ಬಸ್ಸು ಓಡಿಸಿದವನಿಗೆ ಬಂದ ಕಾಗದ ಇದು. ಹಾಲಿನ ಕ್ಯಾನು, ಅಂಚೆ ಚೀಲ, ಬಸುರಿ ಹೆಂಗಸರು, ಒಂದು ಸಲ ಹೆಣ ಕೂಡ, ಎಲ್ಲವನ್ನೂ ಹಿಮದಲ್ಲಿ ಒಂದು ಗೀರಿಲ್ಲದೆ ಮೇಲೆ ಮುಟ್ಟಿಸಿದ್ದೇನೆ. ಈಗ ನನಗೆ ಎಪ್ಪತ್ತಾಯಿತು, ಯಾರೋ ಕೂತು ಚಾಡಿ ಬರೆದರು.

ಯಾರೋ ಏನು ಬಂತು, ಪಕ್ಕದ ಮನೆಯ ಮೆಲ್ಕಿಯೋರ್. ಮರದ ಕರಡಿ ಕೆತ್ತಿ ಪ್ರವಾಸಿಗರಿಗೆ ಮಾರುತ್ತಾನಲ್ಲ, ಅವನೇ. ಜುಲೈಯಲ್ಲಿ ಅವನು ಒಣಹಾಕಿದ್ದ ದಿಮ್ಮಿಗೆ ನನ್ನ ಕಾರು ತಾಗಿತ್ತು. ದಿಮ್ಮಿ ಇದ್ದದ್ದೇ ಅರ್ಧ ರಸ್ತೆಯಲ್ಲಿ. ಆಗ ಏನೂ ಅನ್ನದೆ ನಕ್ಕಿದ್ದ. ಇಪ್ಪತ್ತು ವರ್ಷದಿಂದ ಗುರುವಾರ ಗುರುವಾರ ಅವನ ಜೊತೆ ಇಸ್ಪೀಟಾಡಿದ್ದೇನೆ, ಎದುರು ಕೂತವನ ಮನಸ್ಸು ಗೊತ್ತಾಗಲಿಲ್ಲ ನೋಡು. ನಿನ್ನೆ ಸಂಜೆ ನನ್ನ ಮನೆಯ ಇನ್ನೊಂದು ಕೀಲಿ ಅವನಿಂದ ವಾಪಸು ತೆಗೆದುಕೊಂಡೆ. ಯಾಕೆ ಅಂತ ಕೇಳಿದ. ನಿನಗೇ ಗೊತ್ತು ಅಂದೆ.

ಪರೀಕ್ಷೆ 24ಕ್ಕೆ ಗೊತ್ತುಮಾಡಿದ್ದೇನೆ. ಅಲ್ಲಿಯವರೆಗೆ ಮನೆಯಲ್ಲಿ ಕೂತು ಉಗುರು ಕಚ್ಚುವವನು ನಾನಲ್ಲ. ಸರೋವರಗಳ ದಾರಿ ಹಿಡಿದು ನಿನ್ನ ಹತ್ತಿರ ಬರುತ್ತೇನೆ: ಬ್ರುನ್ನೆನ್, ಲೆಂಟ್ಸರ್‌ಹೈಡೆ, ಸಿಲ್ಸ್, ಕೋಮೊ ದಂಡೆ, ಲುಗಾನೊ, ಕೊನೆಗೆ ರೊಂಕೊ. 16ಕ್ಕೆ ನಿನ್ನ ಬಾಗಿಲಲ್ಲಿ. ಅಷ್ಟು ಘಾಟಿ ಹತ್ತಿ ಇಳಿದ ಮೇಲೆ ಡಾಕ್ಟರ ಮುಂದೆ ಕೂರುತ್ತೇನೆ, ಆಗ ಏನು ಹೇಳುತ್ತಾನೋ ಕೇಳೋಣ. ಆಯಾ ಊರಿನ ಅಂಚೆ ಕಚೇರಿಗೆ ನನ್ನ ಹೆಸರು ಹಾಕಿ ಬರೆ, ಇಟ್ಟುಕೊಂಡಿರುತ್ತಾರೆ. ಬೆಕ್ಕನ್ನು ಬೇಕರಿಯವಳಿಗೆ ಒಪ್ಪಿಸಿದ್ದೇನೆ.

ನಿನ್ನ ತಮ್ಮ
ಕಾಸ್ಪರ್


ರೊಂಕೊ
1 ಸೆಪ್ಟೆಂಬರ್

ಕಾಸ್ಪರ್,

ಕಾಗದ ಸಿಕ್ಕಿತು. ಇಲ್ಲಿ ಇನ್ನೂ ಸೆಕೆ. ಸರೋವರದ ಕಡೆಯ ಎರಡು ಕೋಣೆಗೂ ಬಾಡಿಗೆಯವರು ಬಂದಿದ್ದಾರೆ, ಇಬ್ಬರೂ ಬೆಳಿಗ್ಗೆ ಮೊಟ್ಟೆ ಕೇಳುತ್ತಾರೆ.

ನೀನು ರೈಲಿಗೆ ಬಂದರೆ ಆಗದೇ? ಪರೀಕ್ಷೆ ತಲೆಯ ಮೇಲಿರುವಾಗ ಇಷ್ಟು ಉದ್ದ ಯಾಕೆ ಓಡಿಸಬೇಕು. ಲೊಕಾರ್ನೊ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಇನ್ನೊಂದು ಮಾತು. ಮೆಲ್ಕಿಯೋರನೇ ಬರೆದ ಅಂತ ನಿನಗೆ ಯಾರು ಹೇಳಿದರು? ಸರಿಯಾಗಿ ತಿಳಿಯದೆ ಒಬ್ಬರ ಮೇಲೆ ಗೂಬೆ ಕೂರಿಸಬೇಡ. ಬರೆದವರು ಯಾರೇ ಇರಲಿ, ನಿನ್ನ ಕೇಡು ಬಯಸಿಯೇ ಬರೆದಿರಬೇಕು ಅಂತೇನೂ ಇಲ್ಲ.

ಊಟಕ್ಕೆ ಏನು ಮಾಡಲಿ ಅಂತ ತಿಳಿಸು.

ಹೆದ್ವಿಗ್


ಬ್ರುನ್ನೆನ್
3 ಸೆಪ್ಟೆಂಬರ್

ಅಕ್ಕಾ,

ರೈಲಂತೆ ರೈಲು. ನಿನ್ನ ಕಾಗದ ಓದಿ ಇಲ್ಲಿಯ ಅಂಚೆ ಕಚೇರಿಯಲ್ಲೇ ನಕ್ಕುಬಿಟ್ಟೆ. ನೀನು ಮೊದಲಿನಿಂದಲೂ ಹಾಗೇ. ಅಪ್ಪ ಗಾಡಿಯಲ್ಲಿ ಹುಲ್ಲು ಹೇರುವಾಗಲೂ ದೂರ ನಿಂತು ‘ನಿಧಾನ, ನಿಧಾನ’ ಅನ್ನುತ್ತಿದ್ದೆ.

ಬ್ರ್ಯೂನಿಗ್ ಘಾಟಿ ಹತ್ತಿ ಲುಂಗರ್ನ್ ಸರೋವರದ ಪಕ್ಕ ನಿಲ್ಲಿಸಿ ರೊಟ್ಟಿ, ಚೀಸು ತಿಂದೆ. ಇಲ್ಲಿ ದಂಡೆಯ ಮೇಲಿನ ಒಂದು ಸಣ್ಣ ವಸತಿಗೃಹದಲ್ಲಿ ಇಳಿದಿದ್ದೇನೆ. ಕಿಟಕಿಯಿಂದ ಎದುರು ದಡ ಕಾಣುತ್ತದೆ. ನನ್ನ ಕಣ್ಣಿನ ವಿಷಯಕ್ಕೆ ಬರೆಯುತ್ತೇನೆ, ಓದಿಕೋ. ಎದುರು ದಡದಲ್ಲಿ ನಿಂತ ಸ್ಟೀಮರಿನ ಹೆಸರು ಇಲ್ಲಿಂದಲೇ ಓದಿದೆ. ಅದರ ಮೇಲಿದ್ದ ಹೆಂಗಸಿನ ಕೊಡೆಗೆ ಒಂದು ಕಡ್ಡಿ ಮುರಿದಿತ್ತು. ಮನೆಯೊಡತಿಯನ್ನು ಕರೆದು ತೋರಿಸಿದೆ. ‘ನಂಗೆ ಸ್ಟೀಮರೇ ಸರಿಯಾಗಿ ಕಾಣ್ತಿಲ್ಲ, ನೀವು ಕೊಡೆ ಕಡ್ಡಿ ಎಣಿಸ್ತಾ ಕೂತಿದ್ದೀರಾ’ ಅಂದಳು. ಅವಳಿಗೆ ನನಗಿಂತ ಇಪ್ಪತ್ತು ವರ್ಷ ಕಡಿಮೆ.

ಮೆಲ್ಕಿಯೋರನ ಪರ ವಾದ ಮಾಡಬೇಡ. ಹೊರಡುವ ದಿನ ಅವನು ಬೇಲಿ ಹತ್ತಿರ ಬಂದು, ‘ಗುರುವಾರ ಬರ್ತೀಯ ತಾನೆ’ ಅಂದ. ಬರೆದವನಿಗೆ ಹಾಗೆ ಕೇಳುವ ಮುಖ ಎಲ್ಲಿಂದ ಬರುತ್ತದೆ ಹೇಳು. ಇವತ್ತು ಅವನಿಗೊಂದು ಪೋಸ್ಟ್‌ಕಾರ್ಡ್ ಹಾಕಿದೆ. ಇನ್ನು ಮೇಲೆ ಗುರುವಾರವೂ ಇಲ್ಲ, ನಮಸ್ಕಾರವೂ ಇಲ್ಲ ಅಂತ ಬರೆದೆ. ಅವನ ಹೆಂಡತಿ ತೀರಿಕೊಂಡ ವರ್ಷ ನಾನು ದಿನಾ ಹೋಗಿ ಕೂರುತ್ತಿದ್ದೆ. ಅದಕ್ಕೆ ಇದು ಬಹುಮಾನ.

ಆರನೇ ತಾರೀಖು ಲೆಂಟ್ಸರ್‌ಹೈಡೆಗೆ ಹೋಗುತ್ತೇನೆ. ಊಟಕ್ಕೆ ನಿನ್ನ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಮಾಡು, ಜೊತೆಗೆ ಮೊಲದ ಮಾಂಸ.

ಕಾಸ್ಪರ್


ರೊಂಕೊ
5 ಸೆಪ್ಟೆಂಬರ್

ಕಾಸ್ಪರ್,

ಇದನ್ನು ಲೆಂಟ್ಸರ್‌ಹೈಡೆಗೆ ಕಳಿಸುತ್ತಿದ್ದೇನೆ. ಒಬ್ಬನೇ ಇರುವಾಗ ಓದು, ಓದಿ ಸ್ವಲ್ಪ ಹೊತ್ತು ಓಡಿಸಬೇಡ.

ಬರೆದದ್ದು ಮೆಲ್ಕಿಯೋರ್ ಅಲ್ಲ, ನಾನು.

ಮೇ ತಿಂಗಳಲ್ಲಿ ನೀನು ಬಂದಾಗ ಚರ್ಚಿನ ತಿರುವಿನಲ್ಲಿ ಏನಾಯಿತು ಅಂತ ನಿನಗೆ ನೆನಪಿದೆ. ರಸ್ತೆ ಒಂದೇ ಗಾಡಿಯಷ್ಟು ಅಗಲ. ಮೇಲಿನಿಂದ ಬಸ್ಸು ಹಾರ್ನು ಹಾಕಿತು. ಆ ಮೂರು ಸ್ವರದ ಹಾರ್ನು ಕೇಳಿದರೆ ಎದುರಿನವರು ನಿಂತು, ಹಿಂದೆ ಹೋಗಿ, ಬಸ್ಸಿಗೆ ಸೈಡು ಕೊಡಬೇಕು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ನಿಲ್ಲಿಸಲಿಲ್ಲ. ನಾನು ನಿನ್ನ ಪಕ್ಕ ಕೂತಿದ್ದೆ, ಬಸ್ಸು ಗಾಜಿನ ತುಂಬ ಬಂತು. ಬಸ್ಸಿನವನೇ ಬ್ರೇಕು ಒತ್ತಿ ಚರ್ಚಿನ ಅಂಗಳಕ್ಕೆ ಹೊರಳಿಸಿದ, ನೀನು ನಿಲ್ಲದೆ ದಾಟಿದೆ. ‘ಹೊಸಬ ಇರ್ಬೇಕು, ಕೈ ಪಳಗಿಲ್ಲ’ ಅಂದೆ ನೀನು. ನಿನ್ನ ಕಣ್ಣಿಗೆ ಬಸ್ಸು ಕಂಡೇ ಇಲ್ಲ ಅಂತ ನನಗೆ ಅನ್ನಿಸಿತು.

ನಿನಗೆ ನಾನು ಹೇಳದ ಸಂಗತಿ ಒಂದಿದೆ, ನೀನು ಊರಿಗೆ ಹೋದ ಮೇಲೆ ನನಗೆ ತಿಳಿದದ್ದು. ಆ ಬಸ್ಸಿನಲ್ಲಿ ಕೆಳಮನೆಯ ಪೆದ್ರಾಜಿನಿ ಅಮ್ಮ ಇದ್ದರು, ಇಳಿಯಲು ಎದ್ದು ನಿಂತಿದ್ದರು. ಬಿದ್ದು ಎರಡೂ ಮಣಿಕಟ್ಟು ಮುರಿದವು. ಎಂಬತ್ತೊಂದು ವರ್ಷ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಹೋಗಿ ನಾನೇ ಅವರ ರವಿಕೆಯ ಗುಂಡಿ ಹಾಕಿ ಬರುತ್ತೇನೆ. ಕಾರಿನಲ್ಲಿ ಇದ್ದದ್ದು ಯಾರು ಅಂತ ಅವರಿಗೆ ಗೊತ್ತಿಲ್ಲ. ‘ಯಾರೋ ಕುಡಿದವನು’ ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ.

ಜೂನ್, ಜುಲೈ ಎರಡು ತಿಂಗಳು ಯೋಚಿಸಿ ಆ ಕಚೇರಿಗೆ ಬರೆದೆ. ನನ್ನ ಹೆಸರು ಹೇಳಬೇಡಿ ಅಂತಲೂ ಬರೆದೆ. ನೀನು ಮೆಲ್ಕಿಯೋರನಿಗೆ ಕಾರ್ಡು ಹಾಕಿದ್ದು ಓದಿ ಮುಚ್ಚಿಡಲು ಆಗಲಿಲ್ಲ. ಅವನಿಗೆ ನಿನ್ನ ಬಿಟ್ಟರೆ ಯಾರಿದ್ದಾರೆ.

ಬೈದು ಬರೆ. ಆದರೆ ಬರೆ.

ಹೆದ್ವಿಗ್


ಸಿಲ್ಸ್
7 ಸೆಪ್ಟೆಂಬರ್

ಅಕ್ಕಾ,

ನಿನ್ನೆ ಇಲ್ಲಿಗೆ ಬಂದೆ, ಇವತ್ತು ಇಡೀ ಸರೋವರ ಒಂದು ಸುತ್ತು ನಡೆದೆ. ಮರಗಳು ಆಗಲೇ ಹಳದಿಗೆ ತಿರುಗಲು ಶುರುಮಾಡಿವೆ. ಗಾಳಿ ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಏಳುತ್ತದೆ, ಬಸ್ಸಿನ ಹಾಗೆ ಹೊತ್ತಿಗೆ ಸರಿಯಾಗಿ. ಮಲಗಿದರೆ ಎಂಟು ಗಂಟೆ ನಿದ್ದೆ. ವ್ರೇನಿ ಬದುಕಿದ್ದಾಗ, ನಮ್ಮ ಮದುವೆಯ ವರ್ಷವೇ, ಒಂದು ಸಲ ಇಲ್ಲಿಗೆ ಕರೆದುಕೊಂಡು ಬರುತ್ತೇನೆ ಅಂದಿದ್ದೆ. ಭಾನುವಾರ ಡ್ಯೂಟಿ ಬಿಟ್ಟವನಲ್ಲ, ಆಗಲೇ ಇಲ್ಲ. ಅದೊಂದು ಬೇಜಾರು ನನಗೆ ಯಾವತ್ತಿಗೂ ಇದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ನನಗೆ ಈಗ ಉಳಿದಿರುವುದು ಯಾರು ಅಂತ. ಮೆಲ್ಕಿಯೋರ್ ಬೆನ್ನಿಗೆ ಚೂರಿ ಹಾಕಿದ. ಹಳೆ ಬಸ್ಸಿನವರು ಅರ್ಧ ಜನ ಸತ್ತರು, ಅರ್ಧ ಜನಕ್ಕೆ ಮರೆವು. ನೀನೊಬ್ಬಳೇ ನನ್ನ ಕಡೆಯವಳು. ಕೇಡು ಬಯಸಿ ಬರೆದಿರಲಿಕ್ಕಿಲ್ಲ ಅಂತ ಬರೆದೆಯಲ್ಲ, ಅಷ್ಟು ಒಳ್ಳೆಯ ಮನಸ್ಸು ನಿನಗೊಬ್ಬಳಿಗೇ ಇರುವುದು. ನಾನು ಹುಟ್ಟಿದಾಗಿನಿಂದ ಒಂದು ದಿನವೂ ನೀನು ನನಗೆ ಮೋಸ ಮಾಡಿದವಳಲ್ಲ.

ಇಲ್ಲಿ 12ರವರೆಗೆ ಇರುತ್ತೇನೆ.

ಕಾಸ್ಪರ್


ರೊಂಕೊ
9 ಸೆಪ್ಟೆಂಬರ್

ಕಾಸ್ಪರ್,

ಚುಚ್ಚಬೇಕಾದರೆ ನೇರವಾಗಿ ಚುಚ್ಚು. ನಾನು ಎಲ್ಲವನ್ನೂ ಬಿಚ್ಚಿ ಬರೆದ ಮೇಲೆ ‘ಒಂದು ದಿನವೂ ಮೋಸ ಮಾಡಿದವಳಲ್ಲ’ ಅಂತ ಬರೆಯುವುದು ಯಾವ ಸೀಮೆಯ ಮರ್ಯಾದೆ. ಬೈದು ಬರೆ ಅಂದೆ, ಹಂಗಿಸಿ ಬರೆ ಅನ್ನಲಿಲ್ಲ. ವ್ರೇನಿಯನ್ನೂ ನಡುವೆ ಎಳೆದೆ.

ಪೆದ್ರಾಜಿನಿ ಅಮ್ಮನ ವಿಷಯಕ್ಕೆ ಒಂದು ಅಕ್ಷರ ಇಲ್ಲ. ನಿನಗೆ ಗಾಳಿ ಎಷ್ಟು ಗಂಟೆಗೆ ಏಳುತ್ತದೆ ಅನ್ನುವುದು ಮುಖ್ಯ.

ಬರುವುದಾದರೆ ಬಾ. ಮೊಲ ಹೇಳಿಟ್ಟಿದ್ದೇನೆ.

ಹೆದ್ವಿಗ್


ಸಿಲ್ಸ್
11 ಸೆಪ್ಟೆಂಬರ್

ಅಕ್ಕಾ,

ನಿನಗೆ ಏನಾಗಿದೆ? ಏನು ಬಿಚ್ಚಿ ಬರೆದೆ? ಪೆದ್ರಾಜಿನಿ ಅಮ್ಮನಿಗೆ ಏನು? ನಾನು ಲೆಂಟ್ಸರ್‌ಹೈಡೆಯಲ್ಲಿ ನಿಲ್ಲಲೇ ಇಲ್ಲ. ಅಲ್ಲಿ ಯಾವುದೋ ಸೈಕಲ್ ಪಂದ್ಯ, ಎಲ್ಲೂ ಕೋಣೆ ಇರಲಿಲ್ಲ, ನೇರ ಇಲ್ಲಿಗೆ ಬಂದೆ. ನಿನ್ನ ಕಾಗದ ಅಲ್ಲೇ ಉಳಿದಿರಬೇಕು. ಅಲ್ಲಿಯ ಅಂಚೆ ಕಚೇರಿಗೆ ಫೋನು ಮಾಡಿ, ಲುಗಾನೊಗೆ ಕಳಿಸಿ ಅಂತ ಹೇಳಿದ್ದೇನೆ. ನಿನಗೆ ಫೋನು ಮಾಡೋಣ ಅಂದುಕೊಂಡೆ, ಆದರೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿ ಸರಿಯಾದದ್ದು ಯಾವತ್ತು.

ಅದಿರಲಿ. ನಿನ್ನೆ ಆದದ್ದನ್ನು ಯಾರಿಗಾದರೂ ಹೇಳಬೇಕು.

ಮಲೋಯಾ ಘಾಟಿ ಇಳಿದು ಸೋಲ್ಯೊ ಅನ್ನುವ ಊರಿಗೆ ಹೊರಟಿದ್ದೆ, ಊಟ ಮಾಡಿ ಬರೋಣ ಅಂತ. ಕೆಳಗಿನಿಂದ ಊರಿಗೆ ಚೆಸ್ಟ್‌ನಟ್ ಮರಗಳ ನಡುವೆ ಸಣ್ಣ ರಸ್ತೆ, ಬರೀ ತಿರುವು. ಮೂರನೇ ತಿರುವಿನಲ್ಲಿ ಮೇಲಿನಿಂದ ಹಾರ್ನು ಕೇಳಿತು. ಸ್ಪಷ್ಟ ಕೇಳಿತು. ಬಸ್ಸೂ ಕಂಡಿತು, ಅದರ ಗಾಜಿನೊಳಗೆ ತೂಗುಹಾಕಿದ ಸಣ್ಣ ಬೂಟು ಕೂಡ ಕಂಡಿತು. ನಾನು ನಿಲ್ಲಿಸಲಿಲ್ಲ ಅಕ್ಕಾ. ಗೇರು ಬದಲಿಸಿ ಮುಂದೆ ಹೋದೆ. ಬಸ್ಸು ಎರಡು ಗೇಣು ದೂರದಲ್ಲಿ ನಿಂತಿತು.

ಡ್ರೈವರು ಹೆಂಗಸು, ಮೂವತ್ತು ವರ್ಷ ಇರಬಹುದು. ಇಳಿದು ಬಂದು ಕಿಟಕಿ ತಟ್ಟಿದಳು. ಕೂಗಾಡಲಿಲ್ಲ. ‘ಅಜ್ಜಾ, ಆ ಹಾರ್ನು ಯಾಕೆ ಹಾಕ್ತೀವಿ ಅಂತ ಗೊತ್ತಾ ನಿಮಗೆ?’ ಅಂದಳು. ಗೊತ್ತು ಅಂದೆ. ‘ಮತ್ತೆ?’ ಅಂದಳು. ನಾನು ಹಿಂದಿನ ಕನ್ನಡಿ ನೋಡಿದೆ. ‘ನಿಮಗೆ ಹಿಂದೆ ಹೋಗೋಕೆ ಬರುತ್ತಾ, ನಾನೇ ತೆಗೀಲಾ?’ ಅಂತ ಕೇಳಿದಳು. ಬರುತ್ತದೆ ಅಂದೆ. ನಾನು ಯಾರು ಅಂತ ಹೇಳಲಿಲ್ಲ. ಮೂವತ್ತು ಜನ ಕಿಟಕಿಯಿಂದ ನೋಡುತ್ತಿದ್ದರು, ಎರಡು ತಿರುವು ಹಿಂದಕ್ಕೆ ಹೋಗಿ ಸೈಡು ಕೊಟ್ಟೆ. ಹೋಗುವಾಗ ಅವಳು ಕೈ ಎತ್ತಿ ಥ್ಯಾಂಕ್ಸ್ ಹೇಳಿದಳು. ನಾವು ಯಾವಾಗಲೂ ಹೇಳುತ್ತಿದ್ದ ಹಾಗೇ.

ಅಲ್ಲೇ ಒಂದು ಗಂಟೆ ಕೂತೆ. ಊಟಕ್ಕೆ ಮೇಲೆ ಹೋಗಲಿಲ್ಲ. ಈಗ ನನಗೆ ಅರ್ಥವಾಗಿದೆ, ಬರೆಯುತ್ತೇನೆ, ನಗಬೇಡ. ಆ ಹಾರ್ನು ಕೇಳಿದರೆ ನಿಲ್ಲಬೇಕಾದದ್ದು ಬೇರೆಯವರು ಅಂತ ನನ್ನ ಕಾಲಿಗೆ ಗೊತ್ತು. ಮೂವತ್ತೆಂಟು ವರ್ಷ ಅದನ್ನು ಒತ್ತಿದವನು ನಾನು, ಎದುರಿನವರು ನಿಂತರು, ನಾನು ಹೋದೆ. ಅದು ನನ್ನನ್ನು ಕುರಿತು ಕೂಗಿದ್ದು ಅಂತ ಒಳಗೆ ಎಲ್ಲೂ ಮುಟ್ಟುವುದಿಲ್ಲ. ಮೇ ತಿಂಗಳಲ್ಲಿ ನಿಮ್ಮ ಚರ್ಚಿನ ತಿರುವಿನಲ್ಲೂ ಆದದ್ದು ಅದೇ. ಬಸ್ಸಿನವನು ಹೊಸಬ ಅಂದೆನಲ್ಲ. ಅವನು ಸರಿಯಾಗೇ ಓಡಿಸಿದ್ದ.

ನನಗೆ ಭಯವಾಗಿದೆ. ಕಣ್ಣು ಸರಿಯಿಲ್ಲದಿದ್ದರೆ ಕನ್ನಡಕ ಹಾಕಿಕೊಳ್ಳಬಹುದಿತ್ತು.

ಕಾಸ್ಪರ್


ರೊಂಕೊ
12 ಸೆಪ್ಟೆಂಬರ್

ಕಾಸ್ಪರ್,

ಲುಗಾನೊದಲ್ಲಿ ಆ ಕಾಗದ ಸಿಕ್ಕರೆ ಒಡೆಯಬೇಡ. ಹಾಗೇ ಇಲ್ಲಿಗೆ ತಾ. ನಾನೇ ನಿನ್ನ ಎದುರು ಕೂತು ಓದಿ ಹೇಳುತ್ತೇನೆ.

ನಾನು ನಿನ್ನನ್ನು ತಪ್ಪು ತಿಳಿದೆ, ಎರಡು ಸಲ.

ಅಕ್ಕ


ಲುಗಾನೊ
15 ಸೆಪ್ಟೆಂಬರ್

ಹೆದ್ವಿಗ್,

ಎರಡೂ ಕಾಗದ ಒಟ್ಟಿಗೆ ಕೊಟ್ಟರು. ಒಡೆಯಬೇಡ ಅಂದದ್ದನ್ನು ಮೊದಲು ಒಡೆದೆ. ಆಮೇಲೆ ಇನ್ನೊಂದನ್ನು.

ಕೋಮೊ ದಂಡೆಯ ರಸ್ತೆ ಚೆನ್ನಾಗಿತ್ತು. ನಾಳೆ ಬರುವುದಿಲ್ಲ. ಇಲ್ಲಿಂದಲೇ ಮನೆಗೆ ಹೋಗುತ್ತೇನೆ.

ಕಾಸ್ಪರ್


ರೊಂಕೊ
17 ಸೆಪ್ಟೆಂಬರ್

ಕಾಸ್ಪರ್,

ನಿನ್ನ ಕಾರ್ಡು ಇವತ್ತು ಬಂತು. ನಿನ್ನೆ ಬರಲಿಲ್ಲ, ಹಾಗಾಗಿ ನಿನ್ನೆ ಮೊಲ ಬೇಯಿಸಿ ಪೊಲೆಂಟಾ ತಿರುವುತ್ತಾ ಕೂತಿದ್ದೆ. ಮಧ್ಯಾಹ್ನ ಎರಡಕ್ಕೆ ಬಾಡಿಗೆಯವರಿಗೆ ಬಡಿಸಿದೆ. ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು.

ಸಂಜೆ ಪೆದ್ರಾಜಿನಿ ಅಮ್ಮನ ಮನೆಗೆ ಹೋಗಿ ಕಾರಿನಲ್ಲಿ ಇದ್ದದ್ದು ನನ್ನ ತಮ್ಮ, ಪಕ್ಕದಲ್ಲಿ ನಾನು ಅಂತ ಹೇಳಿದೆ. ಅವರು ತಮ್ಮ ಎರಡೂ ಮಣಿಕಟ್ಟು ನೋಡಿಕೊಂಡರು. ಆಮೇಲೆ, ‘ಅದಕ್ಕೇ ನೀನು ದಿನಾ ಬರ್ತಿದ್ದದ್ದಾ’ ಅಂದರು. ಇವತ್ತು ಬೆಳಿಗ್ಗೆ ಹೋದರೆ ಬಾಗಿಲು ತೆಗೆಯಲಿಲ್ಲ.

ನೀನು ಘಾಟಿ ದಾಟಿ ಮನೆ ಸೇರಿದ್ದೀಯೋ ಇಲ್ಲವೋ ಗೊತ್ತಿಲ್ಲ. ಅಷ್ಟು ಮಾತ್ರ ತಿಳಿಸು.

ಹೆದ್ವಿಗ್


ಬ್ರಿಯೆಂಟ್ಸ್
26 ಸೆಪ್ಟೆಂಬರ್

ಅಕ್ಕಾ,

ಮನೆ ಸೇರಿ ಒಂಬತ್ತು ದಿನವಾಯಿತು. ಕೋಪ ಇಳಿಯಲಿ ಅಂತ ಬರೆಯಲಿಲ್ಲ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಮೊನ್ನೆ ಪರೀಕ್ಷೆ ಆಯಿತು. ಡಾಕ್ಟರು ಗೋಡೆಯ ಮೇಲಿನ ಕೊನೆಯ ಸಾಲಿನ ತನಕ ಓದಿಸಿದ. ಅದರ ಕೆಳಗೆ ಅಚ್ಚು ಹಾಕಿದವರ ವಿಳಾಸ ಇತ್ತು, ಅದನ್ನೂ ಓದಿದೆ. ರಕ್ತದೊತ್ತಡ, ಕಿವಿ, ಮೊಣಕಾಲು ಎಲ್ಲ ಸರಿ. ‘ಇನ್ನೂ ಹತ್ತು ವರ್ಷ ಬಸ್ಸೇ ಓಡಿಸಬಹುದು ನೀವು’ ಅಂತ ತಮಾಷೆ ಮಾಡಿದ. ಅವನು ಕೊಟ್ಟ ಹಾಳೆಯ ಕೊನೆಗೆ ನಾವೇ ತುಂಬುವ ಒಂದು ಪ್ರಶ್ನೆ ಇತ್ತು. ವಾಹನ ಓಡಿಸಲು ತೊಡಕಾಗುವಂಥದ್ದು ನಿಮಗೇ ತಿಳಿದಿರುವುದು ಏನಾದರೂ ಇದೆಯೇ ಅಂತ. ಎಲ್ಲರೂ ಇಲ್ಲ ಅಂತ ಬರೆಯುತ್ತಾರೆ. ನಾನು, ‘ಹೌದು, ಎದುರಿಗೆ ಬರುವ ಬಸ್ಸಿಗೆ ನಾನು ನಿಲ್ಲುವುದಿಲ್ಲ’ ಅಂತ ಬರೆದೆ.

ಡಾಕ್ಟರು ಓದಿ ನಕ್ಕ. ನಾನು ನಗಲಿಲ್ಲ ಅಂತ ನೋಡಿ ನಿಲ್ಲಿಸಿದ. ‘ಇದು ಕಾಯಿಲೆ ಅಲ್ಲ. ಇದನ್ನ ಹಾಕೋಕೆ ಕಾಗದದಲ್ಲಿ ಜಾಗ ಇಲ್ಲ’ ಅಂದ. ತಾನೇ ಅದನ್ನು ಹೊಡೆದುಹಾಕಿ, ‘ಇಲ್ಲ’ ಅಂತ ಬರೆದು ಸಹಿ ಮಾಡಿದ. ಲೆಕ್ಕಕ್ಕೆ ನಾನು ಗೆದ್ದೆ. ಅವನ ಬಾಗಿಲಿನಿಂದ ಅಂಚೆ ಕಚೇರಿಗೆ ನಡೆದು ಹೋಗಿ, ಆ ಹಾಳೆ ಕಳಿಸದೆ ಲೈಸೆನ್ಸನ್ನೇ ಲಕೋಟೆಗೆ ಹಾಕಿ ಕಚೇರಿಗೆ ಕಳಿಸಿದೆ. ನನಗೆ ಬೇಡ ಅಂತ ಎರಡು ಸಾಲು ಬರೆದೆ, ಕಾರಣ ಬರೆಯಲಿಲ್ಲ. ಕಿಟಕಿಯವಳು, ‘ರಿಜಿಸ್ಟರ್ ಮಾಡ್ಲಾ?’ ಅಂದಳು. ಮಾಡು ಅಂದೆ. ರಸೀದಿ ತೆಗೆದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ, ವ್ರೇನಿಯ ಹೆಣ ಎತ್ತಿದ ದಿನ ಕೂತ ಹಾಗೆ. ಸುಳ್ಳು ಹೇಳಿ ಏನು ಪ್ರಯೋಜನ.

ಮೆಲ್ಕಿಯೋರನ ಮನೆಗೂ ಹೋದೆ. ಕೆತ್ತುತ್ತಿದ್ದ. ತಪ್ಪಾಯಿತು, ಬರೆದದ್ದು ನೀನಲ್ಲ, ನನ್ನ ಅಕ್ಕ ಅಂದೆ. ಉಳಿ ನಿಲ್ಲಿಸಲಿಲ್ಲ. ‘ನಾನೂ ಬರೀಬೇಕು ಅಂತ ಎರಡು ಸಲ ಕಾಗದ ತಗೊಂಡು ಕೂತಿದ್ದೆ ಕಣೋ. ಇಸ್ಪೀಟಿಗೆ ಯಾರು ಸಿಗ್ತಾರೆ ಅಂತ ಬಿಟ್ಟೆ. ನಿಮ್ಮಕ್ಕನಿಗೆ ನನಗಿಂತ ಎದೆಗಾರಿಕೆ ಇದೆ’ ಅಂದ. ಈ ಗುರುವಾರ ಆಡಿದೆವು, ನಾನು ಸೋತೆ.

ಪೆದ್ರಾಜಿನಿ ಅಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ. ಬಾಗಿಲು ತೆಗೆಯದಿದ್ದರೆ ಕೆಳಗೆ ತೂರಿಸು.

ಒಂದು ಮಾತು ಮಾತ್ರ ನುಂಗಲು ಆಗುತ್ತಿಲ್ಲ. ಆ ಹೆಂಗಸಿನ ಎರಡು ಕೈ ನನ್ನಿಂದ ಮುರಿದವು. ಅದು ನನಗೆ ಗೊತ್ತಿಲ್ಲದೆ ನಾನು ಬೇಸಿಗೆಯಿಡೀ ಸೀಟಿ ಹಾಕಿಕೊಂಡು ಓಡಿಸಿದೆ. ನೀನು ಮುಖ ಕಾಣದ ಕಚೇರಿಗೆ ಹೇಳಿದೆ. ನನಗೇ ಹೇಳಬಹುದಿತ್ತು.

ಕಾಸ್ಪರ್


ರೊಂಕೊ
29 ಸೆಪ್ಟೆಂಬರ್

ಕಾಸ್ಪರ್,

ನಿನ್ನ ಕಾಗದ ಅವರ ಬಾಗಿಲ ಕೆಳಗೆ ತೂರಿಸಿದ್ದೇನೆ. ಇನ್ನೂ ತೆಗೆದಿಲ್ಲ.

ಕಣ್ಣು ಅಂದುಕೊಂಡದ್ದು ನನ್ನ ತಪ್ಪು. ಮೆಲ್ಕಿಯೋರನ ತಲೆಗೆ ಬರುವವರೆಗೆ ಸುಮ್ಮನಿದ್ದದ್ದೂ ತಪ್ಪು. ಬರೆದದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನೀನು ಲೈಸೆನ್ಸು ಕಳಿಸಿದ್ದು ಓದಿ ಅತ್ತೆ. ಅದನ್ನು ನಿನಗೆ ತಿಳಿಸುವ ಅಗತ್ಯ ಇರಲಿಲ್ಲ, ಆದರೂ ಬರೆದೆ.

ನನಗೇ ಹೇಳಬಹುದಿತ್ತು ಅನ್ನುತ್ತೀಯ. ಸರಿ. ಮೇ ತಿಂಗಳಲ್ಲಿ, ಆ ತಿರುವಿನಲ್ಲೇ, ಕಾರು ನಿಲ್ಲಿಸು ಕಾಸ್ಪರ್, ಇನ್ನು ನೀನು ಓಡಿಸಬೇಡ ಅಂತ ಹೇಳಿದ್ದರೆ ಕೇಳುತ್ತಿದ್ದೆಯಾ? ನಿಜ ಬರೆ.

ಅಕ್ಕ


ಬ್ರಿಯೆಂಟ್ಸ್
1 ಅಕ್ಟೋಬರ್

ಅಕ್ಕಾ,

ಇಲ್ಲ. ಕೇಳುತ್ತಿರಲಿಲ್ಲ. ನಿನ್ನ ಮೇಲೆ ರೇಗಿ, ನಿನ್ನನ್ನು ಬಾಗಿಲಲ್ಲಿ ಇಳಿಸಿ, ಅದೇ ದಾರಿಯಲ್ಲಿ ವಾಪಸು ಹೋಗುತ್ತಿದ್ದೆ. ಒಂದೆರಡು ವರ್ಷ ಕಾಗದವನ್ನೂ ಹಾಕುತ್ತಿರಲಿಲ್ಲ.

ಆದರೂ ನೀನು ಹೇಳಬೇಕಿತ್ತು.

ಕಾಸ್ಪರ್